ಅಂಬಣ್ಣ ಕಟ್ಟಿದ ತೊಟ್ಟಿ

ಅಂಬಣ್ಣ ನಡೆಯುವುದನ್ನು ಹಿಂದಿನಿಂದ ನೋಡಿದವರಿಗೆ ಈ ಮನುಷ್ಯ ಕುಡಿದಿದ್ದಾನೆ ಅನ್ನಿಸುತ್ತಿತ್ತು. ಮುಂದಿನಿಂದ ನೋಡಿದವರಿಗೆ ಯಾರನ್ನೋ ಹೊಡೆಯಲು ಹೊರಟಿದ್ದಾನೆ ಅನ್ನಿಸುತ್ತಿತ್ತು. ಎರಡೂ ಸುಳ್ಳು. ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟು ಎತ್ತರ, ಗಾರೆ ಕಲಸಿ ಕಲಸಿ ಸಲಿಕೆಯಂತಾದ ಅಂಗೈ, ಮೇಲ್ದುಟಿಯನ್ನು ಪೂರ್ತಿ ಒತ್ತುವರಿ ಮಾಡಿಕೊಂಡ ಮೀಸೆ, ಇಷ್ಟೆಲ್ಲ ಇದ್ದ ಆ ಆಳು ಕೆ.ಆರ್. ಪುರದ ಸಂತೆಬೀದಿಯಲ್ಲಿ ಎಡಕ್ಕೂ ಬಲಕ್ಕೂ ವಾಲುತ್ತ ಸಾಗುತ್ತಿದ್ದುದು ನಿಂತ ನೀರನ್ನು ತಪ್ಪಿಸಲಿಕ್ಕಾಗಿ. ಮಳೆ ಬಿದ್ದ ಮಾರನೆಯ ದಿನ ರಸ್ತೆಯಲ್ಲಿ ತಟ್ಟೆಯಗಲದ ಗುಂಡಿ ಕಂಡರೂ ಅವನು ಅದಕ್ಕೊಂದು ಪ್ರದಕ್ಷಿಣೆ ಹಾಕುವನು. ಹಳೇ ಮದರಾಸು ರಸ್ತೆಯಲ್ಲಿ ಹೀಗೆ ಸುತ್ತು ಹಾಕಲು ಹೋಗಿ ಲಾರಿಯ ಮೂತಿಗೆ ಎದೆ ಕೊಟ್ಟು ನಿಂತದ್ದನ್ನು ನಾನೇ ಕಂಡಿದ್ದೇನೆ. ಡ್ರೈವರ್ ತಮಿಳಿನಲ್ಲಿ ಅವನ ತಾಯಿಯಿಂದ ಆರಂಭಿಸಿ ಮೇಲಿನ ಮೂರು ತಲೆಮಾರಿಗೆ ಮಂಗಳಾರತಿ ಮಾಡಿದ. ಅಂಬಣ್ಣ ಲಾರಿಯನ್ನು ನೋಡಲೇ ಇಲ್ಲ. ಅವನ ಕಣ್ಣು ಗುಂಡಿಯ ಮೇಲಿತ್ತು.

ಅವನ ಸ್ನಾನವೂ ನೋಡತಕ್ಕ ವಸ್ತುವೇ ಆಗಿತ್ತಂತೆ. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ಕುತ್ತಿಗೆಯಿಂದ ಕೆಳಕ್ಕೆ ಮಾತ್ರ ಚೊಂಬಿನಿಂದ ಸುರಿದುಕೊಂಡು, ತಲೆಯನ್ನು ಒದ್ದೆ ಟವಲಿನಲ್ಲಿ ಕನ್ನಡಿ ಒರೆಸಿದ ಹಾಗೆ ಒರೆಸಿ ಎದ್ದುಬಿಡುವನು. "ನಮ್ಮನಿಯವ್ರ ತಲಿ ಹುಟ್ಟಿದಾಗ ತೊಯ್ದದ್ರಿ, ಆಮ್ಯಾಲ ಬರೇ ಒರಸೂದು" ಎಂದು ಅವನ ಹೆಂಡತಿ ಅಯ್ಯಮ್ಮ ಓಣಿಯವರೆಲ್ಲ ಕೇಳುವಂತೆ ಹೇಳುತ್ತಿದ್ದಳು.

ನನಗೆ ಅವನ ಪರಿಚಯವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಕಟ್ಟಡ ಕಾರ್ಮಿಕರ ಸಂಘದ ಕೆಲಸದಲ್ಲಿ. ನಾನು ಹಲಸೂರಿನವನು, ಕರಪತ್ರ, ಕಪ್ಪು ಬಾವುಟ, ಲಾಠಿ ಏಟು ಇವುಗಳಲ್ಲೇ ತಲೆ ನರೆಸಿಕೊಂಡವನು. ಅಂಬಣ್ಣ ಯಾದಗಿರಿ ಕಡೆಯಿಂದ ಹೆಂಡತಿಯನ್ನು ಕಟ್ಟಿಕೊಂಡು ಬಂದು, ಮಹದೇವಪುರದ ಹಿಂದೆ ಮುನಿರಾಜಪ್ಪನವರು ಬಾಡಿಗೆಗೆ ಕಟ್ಟಿಸಿದ್ದ ಶೀಟಿನ ಮನೆಗಳ ಸಾಲಿನಲ್ಲಿ ಇಳಿದಿದ್ದ. ಗಾರೆ ಕೆಲಸದಲ್ಲಿ ಗಟ್ಟಿಗ. ಸಾರುವೆ ಕಟ್ಟಿದ ಬೊಂಬಿನ ಮೇಲೆ, ಎಂಟನೆಯ ಮಹಡಿಯ ಎತ್ತರದಲ್ಲಿ, ಒಂದು ಕಾಲಿಗೆ ಆಧಾರವೇ ಇಲ್ಲದೆ ನಿಂತು ಬೀಡಿ ಹಚ್ಚುತ್ತಿದ್ದವನು. ಪೊಲೀಸರೆಂದರೆ ಹೆದರಿಕೆ ಹಾಗಿರಲಿ, ಒಂದು ಬಗೆಯ ಕುತೂಹಲ ಅವನಿಗೆ. ನಮ್ಮ ಮೆರವಣಿಗೆಗಳಲ್ಲಿ ಮುಂದಿನ ಸಾಲಿನ ಎಡಮೂಲೆ ಅವನಿಗೇ ಮೀಸಲು.

ಅವನ ಕೋಟಿನ ಮಾತನ್ನು ಇಲ್ಲೇ ಹೇಳಿಬಿಡಬೇಕು. ಶಿವಾಜಿನಗರದ ಗುಜರಿ ಸಾಲಿನಲ್ಲಿ ರಹೀಂ ಸಾಹೇಬರ ಗಾಡಿಯಿಂದ ಕೊಂಡ ಕಪ್ಪು ಕೋಟು ಅದು. ಯಾವ ಕಾಲದ ಯಾವ ದೊರೆಯ ಮೈಮೇಲಿತ್ತೋ, ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಂದು ಸುಸ್ತಾಗಿ ನಿಂತುಬಿಡುತ್ತಿತ್ತು. ಜೇಬಿನಲ್ಲಿ ಸದಾ ಹುರಿದ ಶೇಂಗಾ. ಒಮ್ಮೆ ಕೂಲಿಕಾರರ ಗುಡಿಸಲು ಕೀಳಲು ಬಂದವರನ್ನು ನಾವು ಅಡ್ಡಗಟ್ಟಿದ್ದೆವು. ವ್ಯಾನಿನಿಂದ ಇಳಿದ ಇನ್ಸ್‌ಪೆಕ್ಟರು ಬೈಗುಳದ ಮೊದಲ ಅರ್ಧವನ್ನು ಹೊರಗೆ ಬಿಟ್ಟವರು ಅಂಬಣ್ಣನ ಕೋಟನ್ನು ಕಂಡು ಉಳಿದರ್ಧವನ್ನು ನುಂಗಿಕೊಂಡರು.

"ವಕೀಲ್ರಾ? ಮೊದ್ಲೇ ಹೇಳ್ಬಾರ್ದಾ ಸರ್" ಅಂದರು.

ಸಹಿ ಹಾಕುವಾಗಲೂ ಹೆಬ್ಬೆರಳನ್ನೇ ನಂಬಿದ್ದ ಅಂಬಣ್ಣ ಮೀಸೆ ಸವರಿಕೊಂಡು, "ಬೈರಿ, ಬೈರಿ. ಆದ್ರ ಕಾನೂನ್ ಪ್ರಕಾರ ಬೈರಿ" ಅಂದ. ಆ ದಿನ ಗುಡಿಸಲುಗಳು ಉಳಿದವು. ಸಂಘದ ವರದಿಯಲ್ಲಿ ಅದನ್ನು ಕಾರ್ಮಿಕ ಐಕ್ಯದ ವಿಜಯ ಎಂದು ಬರೆದೆವು. ನಿಜದಲ್ಲಿ ಅದು ರಹೀಂ ಸಾಹೇಬರ ಗಾಡಿಯ ವಿಜಯ.

ಇಂಥವನಿಗೆ ನೀರೆಂದರೆ ಯಾಕೆ ಅಷ್ಟು ದಿಗಿಲು ಎಂದು ಒಂದು ದಿನ ಚಹಾ ಕುಡಿಯುವಾಗ ಕೇಳಿದೆ. ಅವನು ನಗುನಗುತ್ತಲೇ ಹೇಳಿದ. ಅವರ ಊರಲ್ಲಿ ಈಜಬಹುದಾದ ಭಾವಿ ಇದ್ದದ್ದು ಒಂದೇ, ಗೌಡರ ತೋಟದ್ದು. ಅದರಲ್ಲಿ ಎಮ್ಮೆ ಇಳಿಯಬಹುದಿತ್ತು, ಇವರ ಕೇರಿಯವರು ಇಳಿಯಕೂಡದು. ಹುಡುಗನಾಗಿದ್ದಾಗ ಒಂದು ಬೇಸಿಗೆ ತಡೆಯಲಾರದೆ ಮೆಟ್ಟಿಲಿಳಿದು ಕಾಲು ಅದ್ದಿದ್ದಾನೆ. ಗೌಡರ ಕಡೆಯವರು ಹಿಡಿದು, ನೀರು ಬೇಕಲ್ಲ ಕುಡಿ ಎಂದು, ತಲೆಯ ಮೇಲೆ ಕೈಯಿಟ್ಟು ಒಳಗೆ ಅದುಮಿದ್ದಾರೆ. ಎತ್ತಿದ್ದಾರೆ, ಮತ್ತೆ ಅದುಮಿದ್ದಾರೆ. ಬೇಜಾರಾಗುವವರೆಗೆ.

"ಆಮ್ಯಾಲ ನೋಡ್ರಿ ಅಣ್ಣಾರ ಮಜಾ. ನಾ ಮುಳುಗೀನಿ ಅಂದ್ರ ಭಾವಿ ಮೈಲಿಗಿ ಆತಲ್ಲ. ಪಂಪ್ ಹಚ್ಚಿ ನೀರೆಲ್ಲಾ ಹೊರಗ ಹಾಕ್ಸಿದ್ರು. ಡೀಸಲ್ ಅವರದ."

ನಾನು ನಗಲಿಲ್ಲ. ಅವನು ನನ್ನನ್ನು ನೋಡಿ, "ನಗ್ರಿ, ನಗ್ರಿ. ಡೀಸಲ್ ಖರ್ಚು ನೆನಸ್ಕೊಂಡ್ರ ನನಗ ಈಗೂ ನಗಿ ಬರ್ತದ" ಅಂದ. ಆಮೇಲೆ ಲೋಟ ಕೆಳಗಿಟ್ಟು ಹೇಳಿದ: "ನೀರಿಂದಲ್ರಿ ಅಂಜಿಕಿ. ತಲಿ ಮ್ಯಾಲಿನ ಕೈಯಿಂದು."

ಹೀಗಿರುವಲ್ಲಿ ಅಯ್ಯಮ್ಮ ಕ್ರೈಸ್ತ ವಿಶ್ವಾಸಿಯಾದಳು. ಶೀಟಿನ ಮನೆಗಳಿಂದ ಕೂಗಳತೆಯಲ್ಲಿ, ಪಾಸ್ಟರ್ ಜೀವರತ್ನಂ ನಡೆಸುತ್ತಿದ್ದ ಒಂದು ಪ್ರಾರ್ಥನಾ ಶೆಡ್ಡು ಇತ್ತು. ಕಂಟೋನ್ಮೆಂಟಿನ ಕಲ್ಲಿನ ಚರ್ಚುಗಳ ಗಂಟೆ, ಗೋಪುರ, ಬಣ್ಣದ ಗಾಜು ಒಂದೂ ಇಲ್ಲದ, ತಗಡಿನ ಮಾಡಿನ, ಪ್ಲಾಸ್ಟಿಕ್ ಕುರ್ಚಿಯ ದೇವರ ಮನೆ. ಪಾಸ್ಟರು ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತರಾದ ಹಲಸೂರಿನ ತಮಿಳರು. ಕಡ್ಡಿಯಂಥ ದೇಹ, ಮೈಕಿನಂಥ ಕಂಠ. ದೇವರ ಆಜ್ಞೆಯನ್ನೂ ಮಿಲಿಮೀಟರಿನ ಲೆಕ್ಕದಲ್ಲೇ ಪಾಲಿಸುವವರು. ಹೆಂಡತಿಯನ್ನು ಕರೆತರಲು ಹೋಗುತ್ತಿದ್ದ ಅಂಬಣ್ಣ ಮೊದಲು ಬಾಗಿಲ ಹೊರಗೆ, ಆಮೇಲೆ ಬಾಗಿಲ ಒಳಗೆ, ಕೊನೆಗೆ ಹಿಂದಿನ ಕುರ್ಚಿಯಲ್ಲಿ ಕೋಟು ಹಾಕಿಕೊಂಡು ಕೂತುಬಿಟ್ಟ.

ಅವನನ್ನು ಕೂರಿಸಿದ್ದು ಒಂದೇ ಕಥೆ. ಗುರು ನೀರಿನ ಮೇಲೆ ನಡೆದು ಬರುವುದನ್ನು ಕಂಡು ದೋಣಿಯಲ್ಲಿದ್ದ ಬೆಸ್ತ ಶಿಷ್ಯ ತಾನೂ ಇಳಿಯುತ್ತಾನೆ, ನಾಲ್ಕು ಹೆಜ್ಜೆ ಹಾಕುತ್ತಾನೆ, ಅಲೆ ನೋಡಿ ಹೆದರಿ ಮುಳುಗುತ್ತಾನೆ, ಒದರುತ್ತಾನೆ, ಗುರು ಕೈ ಹಿಡಿದು ಎತ್ತುತ್ತಾನೆ. ಶಿಷ್ಯನ ಹೆಸರು ಅಂಬಣ್ಣನಿಗೆ ಎಂದೂ ನೆನಪುಳಿಯಲಿಲ್ಲ. 'ಆ ಬೆಸ್ತ' ಎಂದೇ ಕರೆಯುತ್ತಿದ್ದ, ಪಕ್ಕದ ಓಣಿಯವನನ್ನು ಕರೆದ ಹಾಗೆ.

"ವಿಚಾರ ಮಾಡ್ರಿ ಅಣ್ಣಾರ. ಅಂವ ಮೀನ ಹಿಡ್ಯಾಂವ. ನೀರಾಗ ಹುಟ್ಟಿ ಬೆಳದಾಂವ. ಅಂವನ ಅಷ್ಟು ಒದರ್ಯಾನ ಅಂದ್ರ ನಾ ಬಿಸಿಲೂರಾಂವ, ನನಗ ಮಾಫಿ ಇಲ್ಲೇನು?" ಎಂದು ವಾದಿಸುವನು. ಮತ್ತೆ ಸ್ವರ ತಗ್ಗಿಸಿ, "ಆದ್ರ ಅಲ್ಲಿ ಕೈ ಮ್ಯಾಲಕ್ಕ ಎಳೀತದ ನೋಡ್ರಿ" ಅನ್ನುವನು.

ತೊಡಕು ಇದ್ದದ್ದು ಇಲ್ಲಿ. ಜೀವರತ್ನಂ ಅವರದು ಮುಳುಗಿಸುವ ಸಭೆ. ದೀಕ್ಷಾಸ್ನಾನವೆಂದರೆ ಹಣೆಗೆ ನಾಲ್ಕು ಹನಿ ಚಿಮುಕಿಸುವುದಲ್ಲ. ಪಾಸ್ಟರು ತಲೆಯ ಮೇಲೆ ಕೈಯಿಟ್ಟು ಇಡೀ ಮನುಷ್ಯನನ್ನು ನೀರಿನೊಳಗೆ ಅದ್ದಿ ಎತ್ತಬೇಕು. ಹಾಗೆ ಮುಳುಗಿ ಎದ್ದವರಿಗೆ ಮಾತ್ರ ತಿಂಗಳ ಮೊದಲ ಭಾನುವಾರ ರೊಟ್ಟಿಯ ತಟ್ಟೆಯಲ್ಲೂ ದ್ರಾಕ್ಷಾರಸದ ಬಟ್ಟಲಲ್ಲೂ ಪಾಲು. ಅಯ್ಯಮ್ಮ ಮುಳುಗಿ ಎದ್ದು ಬಂದಳು. ಅಂಬಣ್ಣ ಉಳಿದ. ತಟ್ಟೆ ಸಾಲುಸಾಲಾಗಿ ಬಂದು, ಅವನ ಮೂಗಿನ ಕೆಳಗೆ ಹಾದು, ಆಚೆ ಕುರ್ಚಿಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಅವನು ತಗಡಿನ ಮಾಡನ್ನು, ಸೋರುವ ಜಾಗ ಹುಡುಕುವ ಮೇಸ್ತ್ರಿಯ ಗಾಂಭೀರ್ಯದಿಂದ, ಪರಿಶೀಲಿಸುತ್ತಿದ್ದ. ಊರಿನ ಹೋಟೆಲಿನಲ್ಲಿ ತನ್ನ ಕೇರಿಯವರಿಗೆಂದು ಹೊರಗೆ ಗೂಡಿನಲ್ಲಿಟ್ಟ ಬೇರೆ ಲೋಟವನ್ನು ಒಡೆದು ಊರು ಬಿಟ್ಟು ಬಂದವನು ಅವನು. ತಟ್ಟೆ ತನ್ನನ್ನು ಬಿಟ್ಟು ಮುಂದೆ ಹೋಗುವುದೆಂದರೆ ಏನೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನನಗೆ ದೇವರ ಜೊತೆ ವ್ಯವಹಾರವಿಲ್ಲ. ಆದರೆ ತಟ್ಟೆ ಬಿಟ್ಟು ಹೋಗುವುದರ ಜೊತೆ ಹಳೆಯ ಜಗಳವಿದೆ. ಪಾಸ್ಟರ ಹತ್ತಿರ ಹೋಗಿ ಹೇಳಿದೆ: "ಇದು ತಾರತಮ್ಯ. ನಿಮ್ಮ ಶೆಡ್ಡಿನ ಮುಂದೆ ಧರಣಿ ಕೂರ್ತೀವಿ."

"ಕೂತ್ಕೊಳ್ಳಿ ಬ್ರದರ್, ಕುರ್ಚಿ ಕೊಡ್ತೀನಿ. ಹಾಗೇ ದೇವ್ರ ಎರಡು ವಾಕ್ಯ ಕೇಳ್ಕೊಂಡು ಹೋಗ್ಬಹುದು."

"ದೊಡ್ಡ ಚರ್ಚಲ್ಲಿ ಚಿಮುಕಿಸ್ತಾರಲ್ಲ, ಇವನಿಗೂ ಹಾಗೇ ಮಾಡಿ ಮುಗಿಸ್ರೀ."

"ಅದು ಅವ್ರ ಸೈಜು, ಇದು ನಮ್ ಸೈಜು. ಅಡ್ಜಸ್ಟ್ ಮಾಡಿದ್ರೆ ಫಿಟ್ಟಿಂಗ್ ಬರಲ್ಲ ಬ್ರದರ್" ಎಂದರು, ಲೇತಿನ ಮುಂದೆ ನಿಂತವರ ಹಾಗೆ.

ನನ್ನ ರಾಯಭಾರದ ಸುದ್ದಿ ತಿಳಿದು ಅಂಬಣ್ಣ ನನ್ನ ಮೇಲೆ ರೇಗಿದ. "ಯಾರ್ ಹೇಳಿದ್ರಿ ನಿಮಗ? ಚಿಮುಕಿಸಿಕೊಂಡು ಒಳಗ ಹೋದ್ರ ಅದು ಬ್ಯಾರೆ ಲೋಟ ಅಲ್ಲೇನು? ಎಲ್ಲಾರಿಗೂ ಒಂದ ನೀರು, ನನಗೂ ಅದ ನೀರು." ಇಷ್ಟು ಹೇಳಿ, ಅದೇ ನೀರಿಗೆ ಇಳಿಯುವುದನ್ನು ಮುಂದಿನ ತಿಂಗಳಿಗೆ ಹಾಕಿದ.

ಮುಂದಿನ ತಿಂಗಳುಗಳು ಬರುತ್ತ ಹೋದವು, ಕಾರಣಗಳೂ ಬರುತ್ತ ಹೋದವು. ಕಿವಿ ಸೋರುತ್ತಿದೆ, ಊರಿಂದ ನೆಂಟರು ಬಂದಿದ್ದಾರೆ, ಚಳಿಗಾಲ, ಸ್ಲ್ಯಾಬ್ ಹಾಕುವ ಕೆಲಸ. ಒಂದು ಸಲ ಮಾತ್ರ ಹೊಸಕೋಟೆ ಆಚೆಯ ತೋಟವೊಂದರ ನೀರಾವರಿ ತೊಟ್ಟಿಯವರೆಗೆ ಹೋದ. ಬಿಳಿ ನಿಲುವಂಗಿ ತೊಟ್ಟ. ಸರದಿಯಲ್ಲಿ ನಿಂತ. ಮುಂದಿನವನ ತಲೆಯ ಮೇಲೆ ಪಾಸ್ಟರ ಕೈ ಇಳಿದದ್ದು ಕಂಡದ್ದೇ ತಡ, ಹಾಡು ಹಾಡುತ್ತಿದ್ದ ಸಭೆಯನ್ನು ಸೀಳಿಕೊಂಡು ಓಡಿ, ಹೆದ್ದಾರಿ ಮುಟ್ಟಿ, ಬಂದ ಬಸ್ಸು ಹತ್ತಿಬಿಟ್ಟ.

ಬರಿಗಾಲಿನ, ಕಾಲಿನವರೆಗೆ ಬಿಳಿ ಬಟ್ಟೆಯ, ಏದುಸಿರು ಬಿಡುತ್ತಿದ್ದ ಆ ಆಕೃತಿಯನ್ನು ನೋಡಿ ಕಂಡಕ್ಟರು, "ಯಾವ ಆಸ್ಪತ್ರೆಯಿಂದ ತಪ್ಪಿಸ್ಕೊಂಡೆ ಗುರು?" ಎಂದನಂತೆ.

"ದೇವ್ರ ಕೈಯಿಂದರಿ" ಅಂದನಂತೆ ಅಂಬಣ್ಣ.

"ಹಂಗಾದ್ರೆ ಮುಂದೆ ಹೋಗಿ ನಿಂತ್ಕೋ. ಡ್ರೈವರ್ಗೂ ಹೇಳು, ಅವನೂ ದೇವ್ರನ್ನೇ ಹುಡುಕ್ತಾವ್ನೆ."

ಆಮೇಲೆ ತೋಟದವರು ನೀರು ಕೊಡಲು ಒಲ್ಲೆ ಎಂದರು. ನಗರದ ಕೊಳೆಯೆಲ್ಲ ಹರಿದು ಸೇರುವ ನಮ್ಮ ಪೂರ್ವ ದಿಕ್ಕಿನ ಕೆರೆಗಳ ವಿಷಯ ನಿಮಗೆ ಗೊತ್ತಿದೆ. ಅವುಗಳಿಗೆ ಇಳಿದರೆ ಪಾಪ ಹೋಗುತ್ತಿತ್ತೋ ಏನೋ, ಚರ್ಮ ಹೋಗುವುದಂತೂ ಖಂಡಿತ. ಸಭೆಯವರು ಶೆಡ್ಡಿನ ಹಿಂದೆಯೇ ಇಟ್ಟಿಗೆಯ ತೊಟ್ಟಿಯೊಂದನ್ನು ಕಟ್ಟಿಕೊಳ್ಳಲು ತೀರ್ಮಾನಿಸಿದರು. ಕಟ್ಟುವವರು ಯಾರು? ಸಭೆಯಲ್ಲಿದ್ದ ಮೇಸ್ತ್ರಿ ಒಬ್ಬನೇ. ಪಾಸ್ಟರು ಎದೆಮಟ್ಟದ ತೊಟ್ಟಿಗೆ ಅಳತೆ ಕೊಟ್ಟರು. ಅಂಬಣ್ಣ ಅತ್ಯಂತ ಶ್ರದ್ಧೆಯಿಂದ, ತೂಗುಗುಂಡು ಬಿಟ್ಟು, ಗಿಲಾವಿನ ಮೇಲೆ ಗಾಜಿನಂಥ ನಯ ತಂದು, ಮೊಣಕಾಲಿನ ಮಟ್ಟದ ತೊಟ್ಟಿ ಕಟ್ಟಿ ಕೈತೊಳೆದುಕೊಂಡ.

"ಪಾಯ ಸಡಿಲ ಅದರಿ. ಇದರ ಮ್ಯಾಲ ಏರಿಸಿದ್ರ ಗ್ವಾಡಿ ಬಿರಿತದ" ಎಂದು ಮುಖದ ಸ್ನಾಯು ಅಲ್ಲಾಡದಂತೆ ಹೇಳಿದ. ಮೇಸ್ತ್ರಿಯ ಮಾತು. ಕಬ್ಬಿಣ ಬಲ್ಲ ಪಾಸ್ಟರಿಗೆ ಇಟ್ಟಿಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಆ ಸಭೆಯಲ್ಲಿ ದೀಕ್ಷೆ ಪಡೆದವರೆಲ್ಲ ಒಗೆಯಲು ಹಾಕಿದ ಕಂಬಳಿಯಂತೆ ಮಡಿಸಿಕೊಂಡು ಮಲಗಬೇಕಾಯಿತು. ದಪ್ಪನೆಯವರ ಹೊಟ್ಟೆ ಮೇಲೇ ಉಳಿದು, ಅದನ್ನು ಬೇರೆಯಾಗಿ ಅದುಮಬೇಕಾಯಿತು. ಬಗ್ಗಿ ಬಗ್ಗಿ ಪಾಸ್ಟರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡರು. ಇಷ್ಟಾದರೂ ಮೊಣಕಾಲುದ್ದದ ನೀರಿಗೂ ಅಂಬಣ್ಣ ಇಳಿಯಲಿಲ್ಲ. ಕೈ ಅದೇ ಕೈ ತಾನೆ.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಒಂದು ಬೆಳಗ್ಗೆ ರಾಜಕಾಲುವೆ ಒಡೆದು ಶೀಟಿನ ಮನೆಗಳ ಸಾಲಿಗೆ ನೀರು ನುಗ್ಗಿತು. ಮನೆಗಳ ಮಾಲೀಕ ಮುನಿರಾಜಪ್ಪನವರು ಎದುರಿನ ಮಹಡಿಯ ಮೇಲೆ ನಿಂತು, "ಅದು ನಮ್ಮಪ್ಪನ ಗದ್ದೆ ಕಣ್ರಪ್ಪ, ನೀರಿಗೆ ಹಳೇ ದಾರಿ ಜ್ಞಾಪಕ ಐತೆ" ಎಂದು ತತ್ತ್ವ ಹೇಳುತ್ತಿದ್ದರು. ಬಾಡಿಗೆಯ ಕರಾರಿನಲ್ಲಿ ಆ ಜ್ಞಾಪಕದ ಪ್ರಸ್ತಾಪ ಇರಲಿಲ್ಲ. ಸುದ್ದಿ ಕೇಳಿ ಓಡಿಬಂದ ನಾನೂ ಸೇರಿ ಎಲ್ಲರೂ ದಿಬ್ಬ ಹತ್ತಿದ್ದೆವು. ಅಂಬಣ್ಣ ಎಲ್ಲರಿಗಿಂತ ಎತ್ತರದ ಜಾಗದಲ್ಲಿ, ಮರಳಿನ ಗುಡ್ಡೆಯ ತುದಿಯಲ್ಲಿ, ಕೋಟು ತೊಟ್ಟು ಕೂತಿದ್ದ. ಆಗ ಅಯ್ಯಮ್ಮ ಎಣಿಸಿ ನೋಡಿ ಕೂಗಿದಳು: ಕೊನೆಯ ಮನೆಯ ಭೀಮಬಾಯಿ ಬಂದಿಲ್ಲ. ಸೊಂಟ ಬಿದ್ದು ಮಂಚ ಹಿಡಿದಿದ್ದ ಮುದುಕಿ.

ಮರಳಿನ ಗುಡ್ಡೆಯಿಂದ ಅಂಬಣ್ಣ ಇಳಿದದ್ದನ್ನು ನಾನು ನೋಡಿದೆ. ಮೊದಲ ಹೆಜ್ಜೆ ನೀರಿಗೆ ಇಟ್ಟಾಗ ಅವನ ಬಾಯಿಂದ ಹೊರಟದ್ದು ಪ್ರಾರ್ಥನೆಯಲ್ಲ. ಮುನಿರಾಜಪ್ಪನವರನ್ನು, ನಗರಸಭೆಯನ್ನು, ಮೋಡವನ್ನು, ಗೌಡರ ಭಾವಿಯನ್ನು, ಹೆಸರು ಹಿಡಿದು, ಅಂಗಾಂಗ ಬಿಡಿಸಿ ಬೈಯುತ್ತ ಎದೆಮಟ್ಟದ ನೀರಿನಲ್ಲಿ ನಡೆದ. ಬೈಗುಳ ನಿಂತರೆ ಮುಳುಗಿದ ಎಂದು ನಾವು ಕಿವಿಗೊಟ್ಟು ನಿಂತೆವು. ಬಂದಾಗ, ತೇಲುತ್ತಿದ್ದ ಮಂಚದಿಂದ ಎತ್ತಿಕೊಂಡ ಭೀಮಬಾಯಿ ಹೆಗಲ ಮೇಲೆ, ಅವಳ ಮೇಲೆ ಕೋಟು. ಮುದುಕಿ ಅವನ ಜೇಬಿನ ಶೇಂಗಾ ತಿನ್ನುತ್ತಿದ್ದಳು. "ಯಪ್ಪಾ, ಬಾಯಿ ಹೊಲಸ ಅದ ಇವಂದು, ಹೆಗಲ ಭಾಳ ಛಲೋ ಅದ" ಅಂದಳು.

ಸಭೆ ಹಾಡಿತು. ಸೊಂಟಪಟ್ಟಿಯ ಪಾಸ್ಟರು ಕಣ್ಣೊರೆಸಿಕೊಂಡು ಬಂದು, ತಮ್ಮ ಜೀವನದಲ್ಲಿ ಮೊದಲ ಬಾರಿಗೆ ಅಳತೆ ಬಿಟ್ಟುಕೊಟ್ಟರು. "ಆಯ್ತು ಬ್ರದರ್. ಕರ್ತನೇ ನಿಮ್ಗೆ ನೀರು ಕೊಟ್ಟಾಯ್ತು. ತಲೆ ಮೇಲೆ ಒಂದು ಮಗ್ ಹಾಕ್ತೀನಿ, ಮುಗೀತು. ಈ ಭಾನುವಾರ ತಟ್ಟೆ ತಗೊಳ್ಳಿ."

ಅಂಬಣ್ಣ ಒದ್ದೆ ಅಂಗಿ ಹಿಂಡುತ್ತಿದ್ದ. "ಬ್ಯಾಡ್ರಿ" ಅಂದ. "ತಲಿ ತೊಯ್ದಿಲ್ಲ. ದೇವ್ರನ್ನ ನೆನಸಿಲ್ಲ, ಬರೇ ಬೈದೀನಿ. ಅಂಜಾಕ ಟೈಮ ಇರ್ಲಿಲ್ಲ, ಹೋದೆ. ಅದಕ್ಕ ಏನು ದೊಡ್ಡದದ? ಬ್ಯಾರೆ ಲೋಟ ನನಗ ಬ್ಯಾಡ."

ನೀರು ಇಳಿದ ಮೇಲೆ, ಮನೆಗಳ ಕೆಸರು ಬಳಿದ ಮೇಲೆ, ಅವನು ಕರಣೆ ತೆಗೆದುಕೊಂಡು ಶೆಡ್ಡಿನ ಹಿಂದಕ್ಕೆ ಹೋದ. ತನ್ನ ನಯವಾದ ಗಿಲಾವನ್ನು ತಾನೇ ಕೊಚ್ಚಿ, ಮೇಲಕ್ಕೆ ವರಸೆ ವರಸೆಯಾಗಿ ಇಟ್ಟಿಗೆ ಏರಿಸತೊಡಗಿದ. ಪಾಸ್ಟರು ನೋಡುತ್ತ ನಿಂತಿದ್ದವರು ಕೇಳಿದರು: "ಪಾಯ ಸಡಿಲ ಅಂದಿದ್ರಿ?"

"ಪಾಯ ಗಟ್ಟಿನ ಅದರಿ" ಅಂದ ಅಂಬಣ್ಣ, ಗಾರೆಯಿಂದ ಕಣ್ಣೆತ್ತದೆ. "ಕಟ್ಟಾಂವ ಸಡಿಲಿದ್ದ."

ಜೀವರತ್ನಂ ಸೊಂಟದ ಪಟ್ಟಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಕ್ರೈಸ್ತಧರ್ಮದಲ್ಲಿ ಕ್ಷಮೆಗೆ ದೊಡ್ಡ ಸ್ಥಾನವಿದೆ; ಇಲ್ಲದಿದ್ದರೆ ಆ ದಿನ ಅಲ್ಲೊಂದು ಇಟ್ಟಿಗೆ ಹಾರುತ್ತಿತ್ತು.

ದೀಕ್ಷೆಯ ಭಾನುವಾರ ನಾನೂ ಹೋದೆ. ಟ್ಯಾಂಕರ್ ಬಂದು ತೊಟ್ಟಿ ತುಂಬಿಸಿ ಹೋಗಿತ್ತು. ಎದೆಮಟ್ಟ, ಕೊಟ್ಟ ಅಳತೆಗೆ ಸರಿಯಾಗಿ. ಅಂಬಣ್ಣ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಬಿಳಿ ನಿಲುವಂಗಿಯಲ್ಲಿ ತೊಟ್ಟಿಯ ಕಡೆ ಹೊರಟ. ಓಡಿಹೋಗದಿರಲೆಂದು ಯಾರೋ ಗೇಟು ಹಾಕಲು ಹೋದರು. "ತೆರದ ಇಡ್ರಿ" ಅಂದ. ಅದು ಮುಚ್ಚಿದ್ದರೆ ಮಾಡಿದ್ದಕ್ಕೆ ಅರ್ಥವಿರುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಆಮೇಲೆ.

ನೀರಿನೊಳಗೆ ನಿಂತು ಅವನು ಪಾಸ್ಟರನ್ನು ಕೇಳಿದ: "ಎತ್ತೂದು ಗ್ಯಾರಂಟಿ ಏನ್ರಿ?"

"ನಾನು ಎತ್ತಕ್ಕಾಗದೆ ಹೋದ್ರೂ ಮೇಲಿನವನು ಎತ್ತುತ್ತಾನೆ ಬ್ರದರ್" ಎಂದರು ಪಾಸ್ಟರು, ತಮ್ಮ ಕಡ್ಡಿ ತೋಳನ್ನೂ ಅವನ ದೇಹವನ್ನೂ ಒಮ್ಮೆ ಹೋಲಿಸಿ ನೋಡಿ.

ಪಾಸ್ಟರ ಕೈ ಮೇಲೆದ್ದಿತು. ಅಂಬಣ್ಣ ಅದನ್ನು ಗಾಳಿಯಲ್ಲೇ ಗಪ್ಪನೆ ಹಿಡಿದ. ಸಭೆಯ ಹಾಡು ನಿಂತಿತು. ಅಯ್ಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವನು ಆ ಕೈಯನ್ನು ಹಿಡಿದುಕೊಂಡೇ ಗೇಟಿನ ಕಡೆ ಒಮ್ಮೆ ನೋಡಿದ. ಆಮೇಲೆ ನಿಧಾನವಾಗಿ ಆ ಕೈಯನ್ನು ಎಳೆದು ತನ್ನ ನೆತ್ತಿಯ ಮೇಲೆ ತಾನೇ ಇಟ್ಟುಕೊಂಡ.

"ಹೂಂ" ಅಂದ.

ಮುಂದಿನದನ್ನು ಗಂಭೀರವಾಗಿ ಬರೆಯಲು ಸಾಧ್ಯವಿಲ್ಲ. ಮುಳುಗುವಾಗ ಅವನು ಆ ಬೆಸ್ತನನ್ನೂ ಮೀರಿಸಿ ಒದರಿದ, ಪಾಸ್ಟರ ನಿಲುವಂಗಿ ಹಿಡಿದ, ಇಬ್ಬರೂ ಮುಳುಗಿದರು, ಪಾಸ್ಟರನ್ನು ಎತ್ತಿದವನು ಅಂಬಣ್ಣನೇ. ಲೇತಿನ ಮನುಷ್ಯ ಬಾಯಿಂದ ನೀರುಗುಳುತ್ತ "ಸ್ತೋತ್ರ" ಅಂದರು. ಅರ್ಧ ತೊಟ್ಟಿ ನಮ್ಮ ಮೈಮೇಲಿತ್ತು. ನಾಸ್ತಿಕನಾದ ನಾನೂ ಸಾಕಷ್ಟು ಚಿಮುಕಿಸಿಕೊಂಡೆ.

ಆ ದಿನ ತಟ್ಟೆ ಸಾಲಿನಲ್ಲಿ ಬಂದಾಗ ಅಂಬಣ್ಣ ಮಾಡು ನೋಡಲಿಲ್ಲ. ಸಲಿಕೆಯಂಥ ಅಂಗೈಯಲ್ಲಿ ಆ ರೊಟ್ಟಿಯ ಚೂರು ಕಾಣುತ್ತಲೇ ಇರಲಿಲ್ಲ. ಬಹಳ ಹೊತ್ತು ಅಗಿದ. ಪಕ್ಕದಲ್ಲಿ ಕೂತಿದ್ದ ನನ್ನನ್ನು ತಟ್ಟೆ ಬಿಟ್ಟು ಹೋಯಿತು, ಸರಿಯಾಗಿಯೇ. ಅವನು ನನ್ನ ಮಡಿಲಲ್ಲಿದ್ದ ಕೋಟಿನ ಜೇಬಿಗೆ ಕೈಹಾಕಿ ಒಂದು ಹಿಡಿ ಶೇಂಗಾ ತೆಗೆದು ನನ್ನ ಕೈಗೆ ಸುರಿದ.

ಹೊರಗೆ ಬಂದಾಗ ಕೇಳಿದೆ: "ಈಗ ಭಯ ಹೋಯ್ತೇನೋ?"

"ಎಲ್ಲಿ ಹೋಗ್ತದರಿ? ಅದೂ ನನ್ನ ಜೋಡಿ ಮುಳುಗಿ ಎದ್ದು ಬಂದದ" ಎಂದು, ಒದ್ದೆ ನಿಲುವಂಗಿಯ ಮೇಲೆ ಕೋಟು ಏರಿಸಿಕೊಂಡು, ಗೇಟಿನ ಮುಂದಿದ್ದ ಅಂಗೈಯಗಲದ ಗುಂಡಿಯನ್ನು ಸುತ್ತು ಹಾಕಿಕೊಂಡು ಹೋದ.

ಹೋರಾಟದಲ್ಲಿ ನಾನು ಧೈರ್ಯವಂತರನ್ನು ಬೇಕಾದಷ್ಟು ಕಂಡಿದ್ದೇನೆ. ಗುಂಪಿನ ನಡುವೆ ಧೈರ್ಯ ಬಾಡಿಗೆಗೆ ಸಿಗುತ್ತದೆ. ಘೋಷಣೆ ನಿಂತ ಮೇಲೆ ವಾಪಸು ಕೊಟ್ಟು ಮನೆಗೆ ಹೋಗಬೇಕು, ನಾನೂ ಕೊಟ್ಟಿದ್ದೇನೆ. ಅಂಬಣ್ಣನಂಥ ಜನ ಬೇರೆ. ಇವರು ತಮ್ಮ ಹೆದರಿಕೆಯನ್ನು ಮುಚ್ಚಿಡುವುದಿಲ್ಲ, ಬಸ್ಸು ಹತ್ತಿಸಿ ಊರಿಗೆಲ್ಲ ತೋರಿಸುತ್ತಾರೆ. ಮೊಣಕಾಲುದ್ದದ ಮೋಸವನ್ನೂ ಮಾಡುತ್ತಾರೆ. ಆದರೆ ರಿಯಾಯಿತಿ ಕೊಡಲು ಬಂದರೆ ಮಾತ್ರ ಸಿಟ್ಟಾಗುತ್ತಾರೆ. ಲೋಕ ಯಾವ ಕೈಯಿಂದ ಅವರನ್ನು ಅದುಮಿತೋ ಅಂಥದೇ ಇನ್ನೊಂದು ಕೈಯನ್ನು, ಇದು ಎತ್ತುತ್ತದೆ ಎಂಬ ಒಂದು ಹಳೆಯ ಕಥೆಯ ಭರವಸೆಯ ಮೇಲೆ, ಗೇಟು ತೆರೆದಿಟ್ಟು, ತಲೆಯ ಮೇಲೆ ತಾವೇ ಇಟ್ಟುಕೊಳ್ಳುತ್ತಾರೆ. ಅಂಥ ಭರವಸೆ ನನ್ನಲ್ಲಿಲ್ಲ. ಆದರೆ ಮೆರವಣಿಗೆ ಹೊರಟಾಗ ಎಡಮೂಲೆಯಲ್ಲಿ ಯಾರಿರಬೇಕೆಂದು ಕೇಳಿದರೆ, ಗುಂಡಿ ಸುತ್ತುವ ಆ ಮನುಷ್ಯನೇ ಇರಲಿ ಎನ್ನುತ್ತೇನೆ.